ಲೋಟದ ತಳದವರೆಗೂ ನೋಡುವ ದಾದಿ

ಬೆಳಗಿನ ಐದೂಮುಕ್ಕಾಲು. ರಕ್ತ ಏರಿಸುವ ವಾರ್ಡಿನಲ್ಲಿ ಇನ್ನೂ ಅರ್ಧ ದೀಪಗಳಷ್ಟೇ ಹೊತ್ತಿವೆ. ಹಿರಿಯ ದಾದಿ ಹನ್ನೆರಡು ಹಾಸಿಗೆಗಳ ಹೊದಿಕೆ ಸರಿಪಡಿಸಿ, ರಕ್ತದ ಚೀಲಗಳ ಮೇಲಿನ ಅಂಕಿಗಳನ್ನು ರೋಗಿಗಳ ಹಾಳೆಯೊಂದಿಗೆ ಎರಡೆರಡು ಸಲ ತಾಳೆ ನೋಡುತ್ತಾರೆ. ಕೈ ಕೆಲಸದಲ್ಲಿದೆ, ಕಿವಿ ಬಾಗಿಲ ಕಡೆಗಿದೆ. ಹತ್ತು ಗಂಟೆಗೆ ಪ್ರಯೋಗಾಲಯದಿಂದ ಒಂದು ವರದಿ ಬರಬೇಕು. ನಾಲ್ಕನೇ ಹಾಸಿಗೆಯ ಹುಡುಗಿಯ ಮುಂದಿನ ದಿನಗಳೆಲ್ಲ ಆ ವರದಿಯ ಒಂದೇ ಒಂದು ಅಂಕಿಯ ಮೇಲೆ ನಿಂತಿವೆ.

ದಾದಿಗೆ ಐವತ್ತಮೂರು ವರ್ಷ. ಅದರಲ್ಲಿ ಇಪ್ಪತ್ತಾರು ಇದೇ ವಾರ್ಡಿನಲ್ಲಿ ಕಳೆದವು. ಇಲ್ಲಿಗೆ ಬರುವವರ ಮೈಯಲ್ಲಿ ಹುಟ್ಟಿನಿಂದಲೇ ಸರಿಯಾದ ರಕ್ತ ತಯಾರಾಗುವುದಿಲ್ಲ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಪಡೆದೇ ಬದುಕಬೇಕು. ಜೀವ ಉಳಿಸುವ ಆ ಚೀಲವೇ ಇನ್ನೊಂದು ಆಪತ್ತನ್ನೂ ಹೊತ್ತು ತರುತ್ತದೆ: ಚೀಲವೊಂದರಲ್ಲಿ ಸುಮಾರು ಇನ್ನೂರು ಮಿಲಿಗ್ರಾಂ ಕಬ್ಬಿಣ. ಹೆಚ್ಚಾದ ಕಬ್ಬಿಣವನ್ನು ತಾನಾಗಿ ಹೊರಹಾಕುವ ದಾರಿ ದೇಹಕ್ಕಿಲ್ಲ. ಅದು ಯಕೃತ್ತಿನಲ್ಲಿ, ಗ್ರಂಥಿಗಳಲ್ಲಿ, ಕಡೆಗೆ ಹೃದಯದಲ್ಲಿ ಸದ್ದಿಲ್ಲದೆ ಬೀಡುಬಿಡುತ್ತದೆ.

“ನೆಂಟರಾದ್ರೂ ಒಂದಿನ ಹೊರಡ್ತಾರೆ, ಕಬ್ಬಿಣ ಹೊರಡಲ್ಲ,” ಎನ್ನುತ್ತಾರೆ ದಾದಿ. “ಕೈ ಹಿಡ್ಕೊಂಡು ಬಾಗಿಲವರೆಗೆ ಬಿಟ್ಟು ಬರೋರು ಬೇಕು. ಆ ಕೆಲಸ ಮಾತ್ರೆದು.”

ಮಾತ್ರೆ ಕೈ ಹಿಡಿಯುವ ಬಗೆಯೂ ವಿಶೇಷವೇ. ರಕ್ತ ಸೇರಿದ ಮದ್ದಿನ ಎರಡು ಅಣುಗಳು ಕಬ್ಬಿಣದ ಒಂದು ಕಣವನ್ನು ಏಡಿಯ ಕೊಂಡಿಯಂತೆ ಕಚ್ಚಿ ಹಿಡಿಯುತ್ತವೆ. ಸೆರೆಸಿಕ್ಕ ಕಬ್ಬಿಣ ಪಿತ್ತರಸದೊಡನೆ ಕರುಳಿಗಿಳಿದು ಮಲದಲ್ಲಿ ಹೊರಬೀಳುತ್ತದೆ. ಕೆಲಸ ಒಂದೇ ದಿನದಲ್ಲಿ ಮುಗಿಯುವಂಥದ್ದಲ್ಲ. ಮಾತ್ರೆಯನ್ನು ಪ್ರತಿದಿನ, ಅದೇ ಹೊತ್ತಿಗೆ, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ನಡುನಡುವೆ ಮೂತ್ರಪಿಂಡ, ಯಕೃತ್ತು, ಕಣ್ಣು, ಕಿವಿಗಳ ತಪಾಸಣೆಯೂ ತಪ್ಪುವಂತಿಲ್ಲ.

ನಾಲ್ಕನೇ ಹಾಸಿಗೆಯ ಹುಡುಗಿಗೆ ಹತ್ತೊಂಬತ್ತು. ಈಜುಕೊಳವೊಂದರಲ್ಲಿ ಚಿಕ್ಕ ಮಕ್ಕಳಿಗೆ ಈಜು ಕಲಿಸುತ್ತಾಳೆ. ವರ್ಷದ ಹಿಂದೆ ನುಂಗುವ ಮಾತ್ರೆಯ ಬದಲು ನೀರಿನಲ್ಲಿ ಕದಡಿ ಕುಡಿಯುವ ಮಾತ್ರೆ ಬಂದಿತು. ಅಲ್ಲಿಂದ ಅವಳ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿರುವ ಕಬ್ಬಿಣದ ಸುಳಿವು ಕೊಡುವ ಅಂಕಿ, ಸಾವಿರದ ಎಂಟುನೂರರಿಂದ ಏರುತ್ತಲೇ ಹೋಯಿತು. ಡಾಕ್ಟರು ಎರಡು ಸಲ ಮದ್ದಿನ ಪ್ರಮಾಣ ಹೆಚ್ಚಿಸಿದರು. ನಾಲ್ಕು ತಿಂಗಳ ಹಿಂದೆ ಅಂಕಿ ಮೂರು ಸಾವಿರದ ನಾನೂರಕ್ಕೆ ಹೋಗಿ ನಿಂತಿತು.

“ಮಾತ್ರೆ ಎಲ್ಲಿಗೆ ಎಸೀತಿದ್ದೀಯಮ್ಮ?” ಡಾಕ್ಟರು ಕೇಳಿದರು.

“ಎಸೆದಿದ್ರೆ ಅದರ ರುಚಿ ಅಷ್ಟು ಕೆಟ್ಟದು ಅಂತ ನನಗೆ ಹೇಗೆ ಗೊತ್ತಿರ್ತಿತ್ತು ಡಾಕ್ಟ್ರೇ?”

ಡಾಕ್ಟರು ನಗಲಿಲ್ಲ. ವಾರದಲ್ಲಿ ಐದು ರಾತ್ರಿ, ಹೊಟ್ಟೆಯ ಚರ್ಮಕ್ಕೆ ಸೂಜಿ ಚುಚ್ಚಿ, ಹತ್ತು ಗಂಟೆ ಕಾಲ ಪಂಪಿನಿಂದ ಮದ್ದು ಹರಿಸಬೇಕೆಂದು ಬರೆದರು. ಚುಚ್ಚಿದಲ್ಲೆಲ್ಲ ಗಂಟುಕಟ್ಟುವ ಹೊಟ್ಟೆ ಹೊತ್ತು ನೀರಿಗಿಳಿಯುವುದು ಹೇಗೆ? ಹುಡುಗಿ ಗೋಡೆಗೆ ಮುಖ ತಿರುಗಿಸಿದಳು. ದಾದಿ ಡಾಕ್ಟರ ಹಿಂದೆಯೇ ಹೋಗಿ ಒಂದು ವಾರದ ಗಡುವು ಬೇಡಿದರು.

ಮರುದಿನ ದಾದಿಯ ವಾರದ ರಜೆ. “ರಜೆ ದಿನಾನೂ ನಿನಗೆ ಕಾಲು ನಿಲ್ಲಲ್ಲ,” ಎಂದು ಗಂಡ ಗೊಣಗುತ್ತಿದ್ದಂತೆಯೇ ರಕ್ತ ಏರಿಸಿಕೊಂಡು ಮನೆಗೆ ಮರಳಿದ್ದ ಹುಡುಗಿಯನ್ನು ಕಾಣಲು ಮೊದಲ ಬಸ್ಸು ಹಿಡಿದರು. ಅಂಗಡಿಯೊಂದರ ಮೇಲಿನ ಎರಡು ಕೋಣೆಯ ಮನೆಯಲ್ಲಿ ಹುಡುಗಿ, ಅವಳ ಅಜ್ಜಿ ಇಬ್ಬರೇ. ಅಜ್ಜಿಯ ಅಡುಗೆಮನೆಯಲ್ಲಿ ಒಂದು ಕಲೆಯೂ ಕಾಣುತ್ತಿರಲಿಲ್ಲ.

ಅಜ್ಜಿ ಮಾತ್ರೆಗಳನ್ನು ಎತ್ತರದ ಗಾಜಿನ ಲೋಟಕ್ಕೆ ಹಾಕಿ, ನೀರು ತುಂಬಿ, ಮರದ ಚಮಚದಿಂದ ನಾಲ್ಕು ಸುತ್ತು ಕದಡಿದರು. ಹುಡುಗಿ ಮೂಗು ಹಿಡಿದು ಗಟಗಟನೆ ಕುಡಿದಳು. ಮೋಸವೇನೂ ಇರಲಿಲ್ಲ. ಹಾಗಾದರೆ ಮದ್ದು ಹೋಗುತ್ತಿದ್ದುದೆಲ್ಲಿಗೆ? ಲೋಟ ತುಟಿಯಿಂದ ಇಳಿಯುವುದೇ ತಡ, ಅಜ್ಜಿ ಅದನ್ನು ಕಸಿದುಕೊಂಡು ನಲ್ಲಿಯ ಕೆಳಗೆ ಹಿಡಿಯಲು ಹೊರಟರು.

ದಾದಿ ಅಜ್ಜಿಯ ಮಣಿಕಟ್ಟು ಹಿಡಿದರು. ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿದರು. ತಳದಲ್ಲಿ ಅರ್ಧ ಬೆರಳ ದಪ್ಪದ ಬಿಳಿ ಪುಡಿ ಕೂತಿತ್ತು.

“ಇದೇನಜ್ಜಿ?”

“ಗಸಿ. ನನ್ನ ಮೊಮ್ಮಗಳಿಗೆ ಗಸಿ ಕುಡಿಸೋ ಗತಿ ಇನ್ನೂ ಬಂದಿಲ್ಲ.”

“ಆ ಗಸಿನೇ ಮದ್ದು ಅಜ್ಜಿ. ಇದು ನೀರಲ್ಲಿ ಕರಗಲ್ಲ, ತಳಕ್ಕೆ ಇಳಿಯುತ್ತೆ. ನೀವು ಇವಳಿಗೆ ನೀರು ಕುಡಿಸಿ, ಮೋರಿಗೆ ಮದ್ದು ಕುಡಿಸ್ತಿದ್ದೀರಿ.”

ಅಜ್ಜಿ ಹಾಗೆಯೇ ಕುಕ್ಕುರುಗಾಲಿನಲ್ಲಿ ಕೂತರು. “ಹಾಗಾದ್ರೆ ಇವಳ ಮೈಗೆ ಕಬ್ಬಿಣ ತುಂಬಿಸಿದ್ದು ನಾನಾ?”

“ತುಂಬಿದ್ದು ರಕ್ತದ ಚೀಲ. ಹೇಳಿಕೊಡದೆ ಇದ್ದಿದ್ದು ನಾವು.”

ದಾದಿ ಲೋಟಕ್ಕೆ ಎರಡು ಬೆರಳು ನೀರು ಹಾಕಿ, ತಿರುಗಿಸಿ, ಹುಡುಗಿಯ ಕೈಗಿತ್ತರು. “ಇದು ಮೊದಲನೇದಕ್ಕಿಂತ ದರಿದ್ರವಾಗಿದೆ ಅಕ್ಕ,” ಎಂದಳು ಅವಳು. “ಹಾಗಿದ್ರೇನೇ ಸರಿ,” ಎಂದರು ದಾದಿ. ಮದ್ದು ಈಗ ಪೂರ್ತಿ ಮೈಗಿಳಿಯುವುದರಿಂದ ಪ್ರಮಾಣ ಅತಿಯಾದೀತೆಂದು ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ಅದನ್ನು ಇಳಿಸಿ, ಪಂಪನ್ನು ನಾಲ್ಕು ತಿಂಗಳು ಮುಂದೂಡಿದರು. ಆ ನಾಲ್ಕು ತಿಂಗಳಲ್ಲಿ ದಾದಿ ತಮ್ಮ ರಜೆಗಳಲ್ಲೇ ಇನ್ನೂ ಹನ್ನೊಂದು ಮನೆಗಳಿಗೆ ಹೋಗಿ ಬಂದಿದ್ದಾರೆ. ಅವುಗಳಲ್ಲಿ ನಾಲ್ಕು ಮನೆಗಳಲ್ಲಿ ಮದ್ದು ತಳದಲ್ಲೇ ಉಳಿಯುತ್ತಿತ್ತು.

ಹತ್ತು ಗಂಟೆ ಹೊಡೆದು ಎಂಟು ನಿಮಿಷ. ವರದಿ ಬರುತ್ತದೆ. ಡಾಕ್ಟರು ಅದನ್ನು ಎರಡು ಸಲ ಓದುತ್ತಾರೆ: ಎರಡು ಸಾವಿರದ ಆರುನೂರ ಐವತ್ತು. ಇನ್ನೂ ಹೆಚ್ಚೇ, ಆದರೆ ಇಳಿಮುಖ.

“ಪಂಪು ಬೇಡ. ನಿನ್ನ ಮಾತು ನಾನು ನಂಬಬೇಕಿತ್ತು,” ಎನ್ನುತ್ತಾರೆ ಡಾಕ್ಟರು ಹುಡುಗಿಗೆ.

“ಪರವಾಗಿಲ್ಲ ಡಾಕ್ಟ್ರೇ. ಅಜ್ಜಿಗೆ ನೀವೇ ಫೋನ್ ಮಾಡಿ ಹೇಳಿ. ನಾಲ್ಕು ತಿಂಗಳಿಂದ ಸರಿಯಾಗಿ ಊಟ ಮಾಡಿಲ್ಲ ಅವರು.”

ಡಾಕ್ಟರು ಫೋನ್ ತೆಗೆದುಕೊಂಡು ಕಿಟಕಿಯ ಬಳಿ ಹೋಗುತ್ತಾರೆ. ದಾದಿ ಮುಂದಿನ ಹಾಸಿಗೆಗೆ ಚೀಲ ತೂಗುಹಾಕಿ, ರೋಗಿಯ ಹಾಳೆಯಲ್ಲಿರುವ ಒಂದು ಪ್ರಶ್ನೆಯನ್ನು ಹುಡುಗಿಗೆ ಬೆರಳಿಟ್ಟು ತೋರಿಸುತ್ತಾರೆ: ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ಹೌದು ಅಥವಾ ಇಲ್ಲ.

“ಇದರ ಕೆಳಗೆ ಇನ್ನೊಂದು ಸಾಲು ಬೇಕು ಅಂತ ನನ್ನಾಸೆ,” ಎನ್ನುತ್ತಾರೆ. “ಹೇಗೆ ತಗೋತೀರಿ, ತೋರಿಸಿ ಅಂತ. ಹೌದು ಅಂದೋರನ್ನ ಸುಳ್ಳುಗಾರರು ಅನ್ನೋ ಮೊದಲು, ಯಾರಾದ್ರೂ ಒಬ್ರು ಅವರ ಪಕ್ಕದಲ್ಲಿ ನಿಂತು ನೋಡಿರಬೇಕು.”