ಸಾರಸದ ಗೂಡು ಮತ್ತು ಕಮಲೇಶ್ ಅವರ ನಾಯಿ

2024ರ ಮುಂಗಾರಿನಲ್ಲಿ ನಾನು ಫರೀದಾಬಾದ್ ಹೊರವಲಯದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಅಸೋಸಿಯೇಟ್ ಪ್ರೊಫೆಸರ್ ಆಗಿದ್ದೆ. ಜನಕಪುರಿಯ ಮನೆಯಿಂದ ಹೋಗಿಬರುವುದರಲ್ಲೇ ಅರ್ಧ ಶಕ್ತಿ ಖರ್ಚಾಗುತ್ತಿತ್ತು. ಎರಡನೇ ವರ್ಷದವರಿಗೆ ‘ಸೋಷಿಯಲ್-ಎಮೋಷನಲ್ ಸ್ಕಿಲ್ಸ್’ ಎಂಬ ಕೋರ್ಸ್ ನಡೆಸುತ್ತಿದ್ದೆ. ತನ್ನ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಗುರುತಿಸುವುದು, ಎದುರಿನವರ ಮಾತಿಗೆ ಕಿವಿಗೊಡುವುದು, ಜಗಳವನ್ನು ಮಾತಿನಲ್ಲಿ ಬಗೆಹರಿಸುವುದು, ಮಾಡಿದ್ದಕ್ಕೆ ಹೊಣೆ ಹೊರುವುದು, ಇವಿಷ್ಟೂ ಅದರಲ್ಲಿ ಬರುತ್ತಿದ್ದವು. ಕೊನೆಯದಕ್ಕೆ ಪಠ್ಯಕ್ರಮದಲ್ಲಿ ಒಂದೇ ಒಂದು ತರಗತಿ ಇಟ್ಟಿದ್ದರು.

ಪ್ರಾಣಿಶಾಸ್ತ್ರದ ಸಹೋದ್ಯೋಗಿಯೊಬ್ಬರು ಆಗ ಸಾರಸ ಕೊಕ್ಕರೆಗಳ ಕೆಲಸ ಕೈಗೆತ್ತಿಕೊಂಡಿದ್ದರು. ಮನುಷ್ಯನೆತ್ತರದ, ಕೆಂಪು ತಲೆಯ ಈ ಹಕ್ಕಿ ಮಳೆಗಾಲದಲ್ಲಿ ನೀರು ನಿಂತ ಭತ್ತದ ಗದ್ದೆಯ ನಡುವೆ ಪೈರನ್ನೇ ಕಿತ್ತು ಗುಡ್ಡೆ ಹಾಕಿ ಮೊಟ್ಟೆ ಇಡುತ್ತದೆ. ಅಷ್ಟು ಜಾಗದ ಬೆಳೆ ರೈತನ ಕೈತಪ್ಪಿದಂತೆ. ಆದ್ದರಿಂದ ಗೂಡು ಉಳಿಯಬೇಕಾದರೆ ಮೊದಲು ರೈತನ ಮನಸ್ಸು ಒಲಿಯಬೇಕು. ಆ ಮಾತುಕತೆಯ ಭಾಗವನ್ನು ನನ್ನ ವಿದ್ಯಾರ್ಥಿಗಳಿಗೆ ಬಿಡಿ ಎಂದು ನಾನೇ ಕೇಳಿಕೊಂಡೆ.

ರೋಷನ್ ಹಾಸನದ ಹುಡುಗ. ತರಗತಿಯಲ್ಲಿ ಎಲ್ಲರಿಗಿಂತ ಮುಂದೆ. ಸತ್‌ಬೀರ್ ಎಂಬ ರೈತರು, “ನನ್ನ ಗದ್ದೆ ಏನು ಮೃಗಾಲಯ ಅಲ್ಲ” ಎಂದು ನಮ್ಮನ್ನು ಮೊದಲ ದಿನವೇ ವಾಪಸ್ ಕಳಿಸಿದ್ದರು. ರೋಷನ್ ಮಾರನೇ ದಿನ ಒಬ್ಬನೇ ಹೋಗಿ, ಹಕ್ಕಿಯ ಸುದ್ದಿಯನ್ನೇ ಎತ್ತದೆ, ಅವರ ಮಂಚದ ತುದಿಯಲ್ಲಿ ಕುಳಿತು ಅವರ ಎಮ್ಮೆ, ಮೊಣಕಾಲು ನೋವು, ತಮ್ಮನ ಜೊತೆಗಿನ ಮನಸ್ತಾಪ ಎಲ್ಲವನ್ನೂ ಕೇಳಿಸಿಕೊಂಡ. ಒಂದು ವಾರದಲ್ಲಿ ಸತ್‌ಬೀರ್ ಗೂಡಿನ ಸುತ್ತ ಕೋಲು ನೆಟ್ಟು, ಆ ಕಡೆ ಯಾರೂ ಕಾಲಿಡಬಾರದು ಎಂದು ಮನೆಯವರಿಗೆ ಹೇಳಿದ್ದರು. ಗದ್ದೆಯಂಚಿನ ಮನೆಯ ಕಮಲೇಶ್ ಎಂಬ ಒಂಟಿ ಹೆಂಗಸು ನಮ್ಮ ಹುಡುಗರಿಗೆ ಚಹಾ ಮಾಡಿಕೊಡುತ್ತಿದ್ದರು. ರೋಷನ್ ಅವರನ್ನು ಚಿಕ್ಕಮ್ಮ ಎಂಬಂತೆ ಚಾಚಿ ಎನ್ನುತ್ತಿದ್ದ. ಅವರ ಬಳಿ ಭೂರಾ ಎಂಬ ಕಂದು ನಾಯಿ ಇತ್ತು.

ಗೂಡಿನಲ್ಲಿ ಎರಡು ಮೊಟ್ಟೆಗಳಿದ್ದವು. ಮರಿ ಹೊರಬರುವ ಕಾಲ ಹತ್ತಿರವಾದಾಗ ಒಂದು ಬೆಳಿಗ್ಗೆ ರೋಷನ್ ಫೋನ್ ಮಾಡಿದ. ಮೊಟ್ಟೆಗಳು ಹಾಳಾಗಿವೆ, ಬದುವಿನ ಮೇಲೆ ನಾಯಿಯೊಂದು ಓಡಿಹೋಗಿದ್ದನ್ನು ನೋಡಿದೆ ಎಂದ. ಯಾರ ನಾಯಿ ಎಂದು ಅವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆ ಬದುವಿನ ಮೇಲೆ ಓಡಾಡುತ್ತಿದ್ದುದು ಭೂರಾ ಒಂದೇ.

ನಾನು ಹೋದಾಗ ಸಾರಸ ಜೋಡಿ ಇನ್ನೂ ಗೂಡಿನ ಬಳಿಯೇ ನಿಂತಿತ್ತು. ಹೆಣ್ಣುಹಕ್ಕಿ ಮತ್ತೆ ಮತ್ತೆ ಬಗ್ಗಿ ಖಾಲಿ ಗೂಡಿನ ಹುಲ್ಲನ್ನು ಸರಿಪಡಿಸುತ್ತಿತ್ತು. ಸತ್‌ಬೀರ್ ಕಮಲೇಶರ ಬಾಗಿಲಿಗೆ ಹೋಗಿ ಕೂಗಾಡಿ ಬಂದಿದ್ದರು. ಜೋಡಿ ಸಾರಸ ಊರಿಗೆ ಶುಭ ಎಂದು ನಂಬುವ ಜನ ಅವರು. ಕಮಲೇಶ್, “ರಾತ್ರಿಯಿಂದ ಅದನ್ನು ಕಟ್ಟಿಹಾಕಿದ್ದೆ ಮೇಡಂ ಜೀ” ಎಂದು ಹೇಳುತ್ತಲೇ ಇದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನೀರಿನ ಪಂಪಿನ ಬಳಿ ಹೆಂಗಸರು ಅವರೊಡನೆ ಮಾತು ಬಿಟ್ಟರು. ಮಾನೇಸರ್‌ನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಕಮಲೇಶರ ತಮ್ಮ ಬಂದು ನಾಯಿಯನ್ನು ಕರೆದೊಯ್ದ. ಅಲ್ಲಿ ಅದು ಹಗ್ಗ ಕಡಿದುಕೊಂಡು ತಪ್ಪಿಸಿಕೊಂಡಿತು.

ಆ ಸುದ್ದಿ ಬಂದ ಮಧ್ಯಾಹ್ನ ರೋಷನ್ ನನ್ನ ಕೊಠಡಿಗೆ ಬಂದು ನಿಂತ. ಕೂರು ಎಂದರೂ ಕೂರಲಿಲ್ಲ.

“ನಾಯಿ ಅಲ್ಲ ಮೇಡಂ. ನಾನು.”

ಕೋರ್ಸಿನ ಕೊನೆಯ ಪ್ರೆಸೆಂಟೇಶನ್‌ಗೆ ಮರಿ ಹೊರಬರುವುದನ್ನು ಮೇಲಿನಿಂದ ಚಿತ್ರೀಕರಿಸಬೇಕು ಎಂದು ಅವನಿಗೆ ಆಸೆ. ಗೆಳೆಯನ ಡ್ರೋನ್ ತಂದು, ಯಾರಿಗೂ ಹೇಳದೆ ಹಾರಿಸಿದ್ದ. ಗಂಡುಹಕ್ಕಿ ರೆಕ್ಕೆ ಬಿಚ್ಚಿ ಅದರ ಮೇಲೆರಗಿತು. ಡ್ರೋನ್ ನೇರವಾಗಿ ಗೂಡಿನ ಮೇಲೆ ಬಿತ್ತು. ಒಂದು ಮೊಟ್ಟೆ ಅಲ್ಲೇ ಒಡೆಯಿತು. ಇನ್ನೊಂದು ಹಕ್ಕಿಗಳ ಗಾಬರಿಯಲ್ಲಿ ನೀರಿಗುರುಳಿತು. ಅವನು ಕೆಸರಿಗಿಳಿದು ಡ್ರೋನನ್ನು ಬ್ಯಾಗಿಗೆ ಹಾಕಿಕೊಳ್ಳುವಷ್ಟರಲ್ಲಿ ಸತ್‌ಬೀರ್ ಬರುವುದು ಕಂಡಿತು.

“ಒಡೆದ ಮೊಟ್ಟೆಯೊಳಗೆ ಮರಿ ಅಲುಗಾಡ್ತಿತ್ತು ಮೇಡಂ. ಆಮೇಲೆ ನಿಂತುಹೋಯ್ತು. ಸತ್‌ಬೀರ್ ಚಾಚಾ ಬಂದು ಏನಾಯ್ತು ಅಂದ್ರು. ಅವರ ಮುಖ ನೋಡಿದೆ. ಯಾವ ಮಾತು ಹೇಳಿದ್ರೆ ನಂಬ್ತಾರೆ ಅಂತ ನನಗೆ ಗೊತ್ತಾಗಿಬಿಡ್ತು. ಅದನ್ನೇ ಹೇಳಿದೆ.”

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಎದುರಿನವರ ಮುಖ ಓದುವುದನ್ನು ಅವನು ನನ್ನ ತರಗತಿಯಲ್ಲೇ ಕಲಿತಿದ್ದ. ಅದಕ್ಕೆ ಅವನಿಗೆ ಅತಿ ಹೆಚ್ಚು ಅಂಕ ಕೊಟ್ಟವಳೂ ನಾನೇ.

ಒಂದೆರಡು ದಿನ ಸಮಯ ಕೊಡಿ ಎಂದ. ಆಗುವುದಿಲ್ಲ, ಈಗಲೇ ಹೋಗೋಣ ಎಂದೆ. ಪ್ರಾಣಿಶಾಸ್ತ್ರದ ಸಹೋದ್ಯೋಗಿಯೂ ನಮ್ಮೊಡನೆ ಬಂದರು. ದಾರಿಯುದ್ದಕ್ಕೂ ರೋಷನ್ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದ.

ಕಮಲೇಶರ ಅಂಗಳದಲ್ಲಿ, ಸತ್‌ಬೀರ್ ಅವರನ್ನೂ ಕರೆಸಿ, ಅವನು ನಿಂತುಕೊಂಡೇ ಹೇಳಿ ಮುಗಿಸಿದ. ಸತ್‌ಬೀರ್ ಎದ್ದುಹೋದರು. ಕಮಲೇಶ್ ಹೋಗಲಿಲ್ಲ.

“ಅವತ್ತು ಇಲ್ಲೇ ಕೂತು ನನ್ನ ಚಹಾ ಕುಡಿದೆಯಲ್ಲ ಬೇಟಾ, ಆಗ ಯಾಕೆ ಹೇಳಲಿಲ್ಲ?”

“ನೀವೆಲ್ಲ ನನ್ನನ್ನ ಒಳ್ಳೆಯವನು ಅಂದ್ಕೊಂಡಿದ್ರಿ ಚಾಚಿ.”

“ಅಚ್ಛಾ. ಅದಕ್ಕೆ ನಾನು ಕೆಟ್ಟವಳಾಗಬೇಕಾಯ್ತು.”

ಅವನು ಅಳತೊಡಗಿದ. ಅವರು ಸಮಾಧಾನ ಮಾಡಲಿಲ್ಲ. ನನಗೆ ಹೇಳಿದ್ದು ಸಾಲದು, ನನ್ನನ್ನು ಬೈದವರಿಗೆ ಹೇಳು ಎಂದರು. ಆ ಸಂಜೆ ಅವನು ಊರಿನ ಕಟ್ಟೆಯಲ್ಲಿ ನೆರೆದಿದ್ದ ಗಂಡಸರಿಗೂ ಪಂಪಿನ ಬಳಿಯ ಹೆಂಗಸರಿಗೂ ಅದೇ ಮಾತನ್ನು ಹೇಳಿದ. ಕೆಲವರು ಬೈದರು, ಇಬ್ಬರು ನಕ್ಕರು. ಅರಣ್ಯ ಇಲಾಖೆಗೆ ನಾವೇ ತಿಳಿಸಿದೆವು. ವಿಚಾರಣೆಯಾಯಿತು. ವಿಶ್ವವಿದ್ಯಾಲಯ ಅವನ ಫೀಲ್ಡ್ ವರ್ಕ್ ನಿಲ್ಲಿಸಿತು.

ಅದಾದ ಮೇಲೆ ಹಲವು ಭಾನುವಾರ ರೋಷನ್ ಮಾನೇಸರ್‌ಗೆ ಹೋಗಿ, ಚಹಾದಂಗಡಿಯ ಭಯ್ಯಾಗಳಿಗೆ, ಕಾರ್ಖಾನೆಗಳ ಕಾವಲುಗಾರರಿಗೆ ಭೂರಾನ ಫೋಟೊ ತೋರಿಸಿದ. ಪ್ರತಿ ಸಲವೂ ಕಮಲೇಶರ ಬಳಿ ಬಂದು, ಸಿಗಲಿಲ್ಲ ಎಂದು ಹೇಳುತ್ತಿದ್ದ. ಚಳಿ ಶುರುವಾದಾಗ ಒಂದು ದಿನ ನಾನೂ ಜೊತೆಗಿದ್ದೆ. ಅವರು ಸಾಸಿವೆ ಸೊಪ್ಪು ಬಿಡಿಸುತ್ತಾ ತಲೆ ಎತ್ತದೆ ಹೇಳಿದರು: “ಇನ್ನು ಬಿಡು ಬೇಟಾ. ನೀನು ಹುಡುಕೋದು ನಿನ್ನ ನೆಮ್ಮದಿಗೆ. ಪ್ರತಿ ಸಲ ನೀನು ಬಂದಾಗ ನನಗೆ ಭೂರಾ ಇನ್ನೊಂದು ಸಲ ಕಳೆದುಹೋಗುತ್ತೆ.”

ರೋಷನ್ ತಲೆಯಾಡಿಸಿದ. ಮತ್ತೆ ಹುಡುಕಲು ಹೋಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಸಾರಸ ಜೋಡಿ ಆ ಕಡೆ ಕಂಡಿತಾದರೂ ಸತ್‌ಬೀರ್ ಅವರ ಗದ್ದೆಯಲ್ಲಿ ಗೂಡು ಕಟ್ಟಲಿಲ್ಲ. ನಮ್ಮವರನ್ನು ಅವರು ಮತ್ತೆ ಬದುವಿಗೆ ಬಿಟ್ಟುಕೊಂಡಿಲ್ಲ. ಅದು ನ್ಯಾಯವೇ.

ಈಗ ನನ್ನ ಕೋರ್ಸಿನಲ್ಲಿ ಸಹಾನುಭೂತಿಗೆ ಅಂಕಗಳಿಲ್ಲ. ಹೊಣೆ ಹೊರುವ ಪಾಠ ಒಂದು ತರಗತಿಯಿಂದ ಒಂದು ತಿಂಗಳಿಗೆ ಬೆಳೆದಿದೆ. ರೋಷನ್ ಕೊನೆಯ ವರ್ಷದಲ್ಲಿದ್ದಾನೆ, ಆಗಾಗ ಬರುತ್ತಾನೆ. ಈ ಭಾರ ಯಾವಾಗ ಇಳಿಯುತ್ತೆ ಮೇಡಂ ಎಂದು ಒಮ್ಮೆ ಕೇಳಿದ. ಜನರ ಮನಸ್ಸಿನ ಭಾರ ಇಳಿಸುವುದೇ ನನ್ನ ಕೆಲಸ ಎಂದುಕೊಂಡು ಈ ವೃತ್ತಿಗೆ ಬಂದವಳು ನಾನು. ಕೆಲವು ಭಾರಗಳನ್ನು ಇಳಿಸಲು ಅವಸರ ಮಾಡಬಾರದು ಎಂಬುದನ್ನು ಆ ಹುಡುಗನಿಂದ ಕಲಿತೆ. ಗೊತ್ತಿಲ್ಲ ಎಂದು ಹೇಳಿ, ಅವನ ಪಕ್ಕದಲ್ಲಿ ಕುಳಿತುಕೊಂಡೆ.