ಎಣ್ಣೆ ತಲೆಯ ಮಧ್ಯಾಹ್ನ

ಅಮ್ಮನ ನಿದ್ದೆಗೇಡೇ ನನ್ನನ್ನು ಮಿದುಳಿನ ಸಂಶೋಧನೆಗೆ ತಂದಿತು ಎಂದು ನನ್ನನ್ನು ಪರಿಚಯಿಸುವವರೆಲ್ಲ ಹೇಳುತ್ತಾರೆ. ತಾಯಿ ನರಳಿದಳಂತೆ, ಮಗಳು ಮರುಗಿದಳಂತೆ. ಕೇಳಲು ಚೆನ್ನಾಗಿದೆ. ಆಧಾರವೆಲ್ಲಿ? ನಾನು ಮರುಗಲಿಲ್ಲ. ಅಮ್ಮ ಹೇಳುತ್ತಿದ್ದುದು ಸುಳ್ಳೆಂದು ಸಾಬೀತು ಮಾಡಲು ಹೊರಟಿದ್ದೆ, ಅಷ್ಟೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಸಿದ್ಧಾರ್ಥನಗರದ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿದು ನನ್ನನ್ನು ಓದಿಸಿದಳು. ಕಾಫಿ ಲೋಟ ಕೈಗಿಡುತ್ತಾ ದಿನಾ ಅದೇ ಮಾತು: "ಕಣ್ಣಿಗೆ ಕಣ್ಣು ಅಂಟ್ಲಿಲ್ಲ ಕಣೇ." ಅವಳ ಪಕ್ಕದಲ್ಲೇ ಮಲಗುತ್ತಿದ್ದವಳು ನಾನು. ಅಪ್ಪನಿಲ್ಲದ ಆ ಮನೆಯಲ್ಲಿ ಅಮ್ಮನ ಗೊರಕೆ ಕೇಳಿಸಿದರೇ ನನಗೆ ಧೈರ್ಯ, ಆಮೇಲೆಯೇ ನಿದ್ದೆ. ಹಾಗಿದ್ದ ಮೇಲೆ ಈ ದೂರು ಯಾವ ನ್ಯಾಯ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬೀಗುತ್ತಿದ್ದ ಕಾಲದಲ್ಲಿ, ಅವಳ ಗೊರಕೆಯನ್ನು ಮೊಬೈಲಿನಲ್ಲಿ ಹಿಡಿದು, ಚಿಕ್ಕಮ್ಮ ಬಂದಿದ್ದಾಗ ತಿಂಡಿಯ ಹೊತ್ತಿಗೆ ಹಾಕಿ ಕೇಳಿಸಿದೆ.

"ಅಕ್ಕಾ, ಇದು ಗೊರಕೆನೋ ನಿನ್ನ ಹೊಲಿಗೆ ಮಿಷನ್ನೋ?" ಎಂದು ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಮ್ಮನೂ ನಕ್ಕಳು. ಅವತ್ತಿನಿಂದ ನಿದ್ದೆಯ ಮಾತೆತ್ತಲಿಲ್ಲ. ಗೆದ್ದೆ ಅಂದುಕೊಂಡೆ.

ಮುಂದೆ ನಿದ್ರೆ ಮತ್ತು ಒತ್ತಡದ ಮೇಲೆ ಸಂಶೋಧನೆಗೆ ಸೇರಿದೆ. ತಲೆಗೂದಲು ಬೆಳ್ಳಗಾಗುವವರೆಗೂ ಅದೇ ವಿಷಯಕ್ಕೆ ಅಂಟಿಕೊಂಡಿದ್ದ ನಮ್ಮ ಮೇಡಂ ಮೊದಲ ವಾರವೇ ಹೇಳಿದರು: "ಹೊರಗಿಂದ ನೋಡಿ ತೀರ್ಪು ಕೊಡ್ಬೇಡಮ್ಮ. ರೆಕಾರ್ಡ್ ನೋಡು. ಅದನ್ನ ನೋಡಿದ ಮೇಲೂ ಮಲಗಿದ್ದೋರನ್ನ ಒಂದು ಮಾತು ಕೇಳು." ಮೊಬೈಲಿನ ಗೊರಕೆ ಯಾವ ಸೀಮೆಯ ರೆಕಾರ್ಡು?

ಮಿದುಳಿನ ಅಲೆಗಳಿಂದ ನಿದ್ದೆ ಅಳೆಯುವ ಯಂತ್ರ ಲ್ಯಾಬಿಗೆ ಹೊಸದಾಗಿ ಬಂದಿತ್ತು. ಪರೀಕ್ಷೆ ಮಾಡಿ ನೋಡಲು ಒಂದು ಮಧ್ಯಾಹ್ನ ಅಮ್ಮನನ್ನೇ ಕರೆದೆ. "ತಲೆ ತೊಳ್ಕೊಂಡು ಬಾ" ಅಂದಿದ್ದೆ. ಅವಳು ಹರಳೆಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ, ಸಾಂಗವಾಗಿ ಎರೆದುಕೊಂಡು ಬಂದಿದ್ದಳು. ನೆತ್ತಿಗೆ ಅಂಟಿಸಿದ ಎಲೆಕ್ಟ್ರೋಡುಗಳು ಎಣ್ಣೆಯ ಜಿಡ್ಡಿಗೆ ಒಂದೊಂದಾಗಿ ಜಾರಿದವು.

"ಏನಮ್ಮಾ ಇದು!"

"ಒಳ್ಳೆ ಕೆಲಸಕ್ಕೆ ಹೋಗೋರು ಎಣ್ಣೆ ನೀರು ಹಾಕ್ಕೊಳ್ದೆ ಹೋಗ್ತಾರೇನೇ? ಬರಗೂದ್ಲಲ್ಲಿ ಬಂದ್ಬುಟ್ರೆ ನಿಮ್ಮ ಮೇಡಂ ಏನಂದ್ಕೊಂಡಾರು?"

ಜಗಳ ಮುಗಿಯುವಷ್ಟರಲ್ಲಿ ಅವಳ ಕಣ್ಣು ಎಳೆಯತೊಡಗಿತ್ತು. ನೀಲಿ ಪರದೆಯಿಂದ ಸೋಸಿ ಬಂದ ಬಿಸಿಲು ಕೋಣೆಯನ್ನು ಕೆರೆಯ ತಳದಂತೆ ಮಾಡಿತ್ತು. ಫ್ಯಾನು ಸುತ್ತುತ್ತಿತ್ತು, ಸೀಗೆಯ ವಾಸನೆ ಸುತ್ತುತ್ತಿತ್ತು. ನೆತ್ತಿಯಿಂದ ಜಾರಿದ ತಂತಿಗಳು ಬಳ್ಳಿಗಳ ಹಾಗೆ ಮಂಚದಿಂದ ಇಳಿಬಿದ್ದಿದ್ದವು. ಅಮ್ಮನ ಬಾಯಿ ಮಗುವಿನಂತೆ ಚೂರೇ ತೆರೆದಿತ್ತು. ಸೂಜಿ ಹಿಡಿಯುವ ಬೆರಳು ಆಗಾಗ ಗಾಳಿಯಲ್ಲೇ ಒಂದು ಹೊಲಿಗೆ ಹಾಕುತ್ತಿತ್ತು. ಸ್ಕ್ರೀನಿನ ಮೇಲೆ ಬರೀ ಗೀಚು. ನಾನು ಸ್ಕ್ರೀನು ಬಿಟ್ಟು ಅವಳನ್ನೇ ನೋಡುತ್ತಾ ಕೂತೆ. ಎಷ್ಟು ಹೊತ್ತೋ, ಹೊತ್ತೇ ಇರಲಿಲ್ಲವೋ. ಒಂದೇ ಒಂದು ವಿಚಿತ್ರ: ಗೊರಕೆಯಿಲ್ಲ. ಒಂದು ಸಲವೂ ಇಲ್ಲ.

ಎದ್ದವಳು ನಾಚಿ ಸೆರಗು ಸರಿಮಾಡಿಕೊಂಡಳು. "ನಿದ್ದೆ ಎಲ್ಲಿ ಬಂತು, ಸುಮ್ನೆ ಕಣ್ ಮುಚ್ಕೊಂಡಿದ್ದೆ." ವಾದಿಸಲು ನನ್ನ ಬಳಿ ರೆಕಾರ್ಡಿರಲಿಲ್ಲ.

ಮುಂದಿನ ಶನಿವಾರ ಶಾಂಪೂ ಹಾಕಿಸಿ ಕರೆತಂದೆ. ಎಲ್ಲ ತಂತಿಗಳೂ ಗಟ್ಟಿಯಾಗಿ ಕೂತವು. ಅದೇ ಮಂಚ, ಅದೇ ನೀಲಿ ಬೆಳಕು. ಅಮ್ಮ ಅಲುಗದೆ ಮಲಗಿದಳು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು, ನಾನು ಚಿಕ್ಕಂದಿನಿಂದ ಬಲ್ಲ ಗೊರಕೆ, ಹದವಾಗಿ, ಒಂದೇ ಲಯದಲ್ಲಿ. ಖುಷಿಯಿಂದ ಸ್ಕ್ರೀನಿನತ್ತ ತಿರುಗಿದೆ. ಅಲೆಗಳು ಪೂರ್ತಿ ಎಚ್ಚರ. ತಂತಿ ಪರೀಕ್ಷಿಸಿದೆ, ಸರಿಯಿತ್ತು. ಗೊರಕೆ ನಡೆದೇ ಇತ್ತು. ಕೊನೆಯವರೆಗೂ ಅವಳು ಒಂದು ಕ್ಷಣ ನಿದ್ದೆ ಹೋಗಲಿಲ್ಲ.

ಎದ್ದು ಕೂತು ಆಕಳಿಸಿದಳು, ಅದೂ ಅಚ್ಚುಕಟ್ಟಾಗಿ. "ಎಂಥಾ ನಿದ್ದೆ ಬಂತು ಗೊತ್ತೇನೇ! ನಿನ್ನ ಕೆಲ್ಸ ಆಯ್ತಲ್ಲ?"

ಅಂಟು ಒರೆಸುವ ನೆಪದಲ್ಲಿ ಅವಳ ಹಿಂದೆ ನಿಂತೆ. ಮುಖ ಕಾಣದಿದ್ದರೆ ಕೇಳುವುದು ಸುಲಭ.

"ಅಮ್ಮಾ, ಅಪ್ಪ ಹೋದ್ಮೇಲೆ ನಿನ್ನ ಪಕ್ಕ ಮಲಗ್ತಿದ್ನಲ್ಲ, ಆಗ್ಲೂ ಹಿಂಗೇನಾ? ನಾನು ಮಲಗ್ಲಿ ಅಂತ ಗೊರಕೆ ಹೊಡೀತಿದ್ದೆಯೇನಮ್ಮಾ?"