ಹುಳದ ಮನೆಗೆ ಹಳೇ ಸೀರೆ

"ಹುಳ ಉಸಿರಾಡ್ತದಾ? ಎಲ್ಲಯ್ಯ ಮೂಗು, ತೋರ್ಸು!"

ಮೇಲೂರಿನಲ್ಲಿರುವ ನನ್ನ ಅಕ್ಕನ ಗಂಡ ಹೋದ ವಾರ ಹಾಕಿದ ಸವಾಲು ಇದು. ಹುಳವೆಂದರೆ ರೇಷ್ಮೆ ಹುಳ. ನಾಲ್ಕನೇ ಜ್ವರ ಮುಗಿಸಿದ್ದವು. (ಗಾಬರಿ ಬೇಡ. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಥರ್ಮಾಮೀಟರ್ ಬೇಕಿಲ್ಲ.) ಜ್ವರ ಬಿಟ್ಟ ಹುಳ ಹಗಲು ರಾತ್ರಿ ಸೊಪ್ಪು ಕಡಿಯಬೇಕು. ಇವು ಮಂಕಾಗಿ ಮಲಗಿದ್ದವು. ಹೀಗೇ ಬಿಟ್ಟರೆ ಇಡೀ ಬೆಳೆ ತಿಪ್ಪೆಗೆ.

ಕಾರಣ? ಪಕ್ಕದ ಮನೆಯ ನಂಜಮ್ಮ ಹುಳದ ಮನೆಯೊಳಗೆ ಇಣುಕಿ, "ಎಷ್ಟು ಚೆಂದ ಮೇಯ್ತಾವಮ್ಮ!" ಅಂದಿದ್ದಳಂತೆ. ಮುಗಿಯಿತು, ದೃಷ್ಟಿ! ಭಾವ ಕಿಟಕಿಗಳನ್ನೆಲ್ಲ ಜಡಿದುಬಿಟ್ಟಿದ್ದರು. ಒಳಗೆ ಕಾಲಿಟ್ಟರೆ ಇಡ್ಲಿ ಪಾತ್ರೆ.

"ಭಾವ, ಈ ಸೆಕೆ ನಂಜಮ್ಮಂದಲ್ಲ, ಹುಳಗಳದ್ದೇ. ಇಷ್ಟೂ ಹುಳ ಉಸಿರು ಬಿಡ್ತಿವೆ, ಕೆಳಗೆ ಹಿಕ್ಕೆ ಕೊಳೀತಿದೆ" ಎಂದೆ. ಆಗಲೇ ಮೂಗಿನ ಪ್ರಶ್ನೆ ಬಂದದ್ದು. ಹುಳದ ಪಕ್ಕೆಯುದ್ದಕ್ಕೂ ಇರುವ ಕಪ್ಪು ಚುಕ್ಕೆಗಳನ್ನು, ಅಂದರೆ ಉಸಿರಿನ ತೂತುಗಳನ್ನು, ತೋರಿಸಿದೆ.

"ಇಷ್ಟೊಂದು ಮೂಗಾ? ನೆಗಡಿಯಾದ್ರೆ ಗತಿ?"

ಶುರು ಮಾಡಿದ ಮೇಲೆ ನಿಲ್ಲಿಸುವುದು ನನಗೆ ಗೊತ್ತೇ? ಹುಳ ಬಿಟ್ಟು ಸೀದಾ ಭೂಮಿಯ ಹಳೇ ಕಥೆಗೇ ಹೋದೆ. ಮೊದಲು ಗಾಳಿಯಲ್ಲಿ ಆಕ್ಸಿಜನ್ ಇರಲಿಲ್ಲವೆಂದೇ ಹೇಳಬೇಕು. ನೀರಿನಲ್ಲಿದ್ದ, ಕಣ್ಣಿಗೆ ಕಾಣದ ಜೀವಿಗಳು ಬಿಸಿಲು ಕುಡಿದು ಅದನ್ನು ಕಸದಂತೆ ಹೊರಗೆ ಬಿಟ್ಟವು. ಎಷ್ಟೋ ಜೀವಿಗಳಿಗೆ ಅದು ವಿಷವಾಯಿತು. ತಾಳಿಕೊಂಡವುಗಳ ವಂಶ ನಮ್ಮದು, ಆ ಕಸವನ್ನೇ ಎಳೆದುಕೊಂಡು ಬದುಕಿದ್ದೇವೆ. ಭೂತಾಯಿ ಪ್ಲಾನ್ ಮಾಡಿದ್ದಲ್ಲ. ಯಾರ ಕಣ್ಣೂ ಬಿದ್ದದ್ದಲ್ಲ. ಮೇಯುತ್ತಾ, ಉಸಿರಾಡುತ್ತಾ ತಾನಿರುವ ಮನೆಯನ್ನೇ ಬದಲಾಯಿಸಿಬಿಡುವುದು ಜೀವದ ಹಣೆಬರಹ.

"ಅಂದ್ರೆ ನಾವು ಕುಡೀತಿರೋದು ಎಂಜಲು ಗಾಳಿನಾ? ಥೂ!" ಅಂದಳು ಅಕ್ಕ. ಎದ್ದವಳೇ ಕಿಟಕಿ ತೆಗೆದು ಹಳೇ ವಾಯಿಲ್ ಸೀರೆ ಕಟ್ಟಿದಳು. ಗಾಳಿ ಬರುತ್ತದೆ, ಕಣ್ಣು ಬರುವುದಿಲ್ಲ! (ಕಿಟಕಿ ತೆಗೆದದ್ದು ನಾನೆಂದು ನನ್ನ ನೆನಪು. ಅಕ್ಕ ಒಪ್ಪುವುದಿಲ್ಲ. ವಾರದ ಹಿಂದಿನ ನೆನಪನ್ನೂ ನಂಬಬೇಡಿ.)

ಹಿಕ್ಕೆ ಬಳಿದು ಹಾಕಿದೆವು. ಮರುದಿನವೇ ಸೊಪ್ಪು ಕಡಿಯುವ ಸದ್ದು ಶುರುವಾಯಿತಂತೆ. ನಿನ್ನೆ ಮತ್ತೆ ಹೋದಾಗ ಹುಳ ಮೇವು ಸಾಕೆಂದು ಹಣ್ಣಾಗಿ, ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಯ ಮೇಲೆ ಗೂಡು ಕಟ್ಟುತ್ತಿದ್ದವು. ಗೆದ್ದದ್ದು ಗಾಳಿ ಎಂದೆ ನಾನು. ಸೀರೆ ಎಂದರು ಭಾವ.

"ನೋಡಯ್ಯ, ನಿನ್ನ ಹುಳ ಕಿಟಕಿನೇ ಇಲ್ದಿರೋ ಮನೆ ಕಟ್ತಾವೆ!"

"ಗೂಡಲ್ಲೂ ಸಣ್ಣ ಸಂದಿರ್ತವೆ ಭಾವ. ಗಾಳಿ ಆಡುತ್ತೆ."

ಭಾವ ಓದುತ್ತಿದ್ದ ಪೇಪರ್ ಮಡಿಸಿದರು. "ಸರಿ. ನಾವೂ ಲಾರಿ, ಫ್ಯಾಕ್ಟ್ರಿ ಅಂತ ಹೊಗೆ ಬಿಡ್ತಾನೇ ಇದ್ದೀವಿ. ಭೂಮಿಗೆ ಕಿಟಕಿ ಎಲ್ಲಪ್ಪ? ಓಝೋನೋ ಏನೋ, ಆಕಾಶಕ್ಕೆ ತೂತು ಬಿದ್ದಿದೆ ಅಂತ ಇದ್ರಲ್ಲಿ ಹಾಕಿದ್ದಾರಲ್ಲ, ಅದೇನಾ?"